ಕಂಪನಿಯ ಮುಯ್ಯಿ

ಅಸದುಲ್ಲಾ ಕೆಲಸ ಮಾಡುತ್ತಿದ್ದ ಕಂಪನಿಗೆ ಮದರಾಸಿನಲ್ಲಿ ನಾಲ್ಕು ಅಂತಸ್ತಿನ ಕಚೇರಿಯಿತ್ತು. ನೀಲಗಿರಿಯ ಟೀ ತೋಟ, ಕೊಯಮತ್ತೂರಿನ ಹತ್ತಿ ಗಿರಣಿ, ರಂಗೂನಿನ ಅಕ್ಕಿ, ಯಾವುದೋ ಸಮುದ್ರದ ಹಡಗು, ಎಲ್ಲದರಲ್ಲೂ ಅದರ ದುಡ್ಡಿತ್ತು. ತಮಾಷೆಯೆಂದರೆ ಆ ಕಂಪನಿ ತಾನಾಗಿ ಒಂದು ಎಲೆ ಟೀ ಬೆಳೆದದ್ದಿಲ್ಲ, ಒಂದು ಎಳೆ ನೂಲು ತೆಗೆದದ್ದಿಲ್ಲ. ನಾಲ್ಕು ಜನರ ದುಡ್ಡನ್ನು ಕೂಡಿಸಿ ಐದನೆಯವನ ಕೆಲಸಕ್ಕೆ ಹಾಕುವುದು, ಬಂದ ಲಾಭದಲ್ಲಿ ಅವರಿಗಿಷ್ಟು ಕೊಟ್ಟು ತಾನಿಷ್ಟು ಇಟ್ಟುಕೊಳ್ಳುವುದು, ಇಷ್ಟೇ ಅದರ ಕಸುಬು. ಹುಣಸೂರಿನ ಗಾಡಿ ಕೆಲಸದವರ ಬೀದಿಯಲ್ಲಿ ಇದನ್ನು ಹೇಳಿದರೆ ಜನ ನಗುತ್ತಿದ್ದರು. ಅಲ್ಲಿ ಕೆಲಸವೆಂದರೆ ಸಂಜೆಯ ಹೊತ್ತಿಗೆ ಕಣ್ಣೆದುರು ಒಂದು ಚಕ್ರ ನಿಂತಿರಬೇಕು. ಚಕ್ರ ಮಾಡುವುದರಲ್ಲಿ ಅಸದುಲ್ಲಾನ ಅಪ್ಪ ಅಬ್ದುಲ್ ರಹಮಾನರದು ಎತ್ತಿದ ಕೈ. ಮಗ ಕೋಟು ಹಾಕಿಕೊಂಡು ಸೈಕಲ್ ಏರಿ ದಿನವಿಡೀ ಮಾತಾಡಿ ಬರುವ ನೌಕರಿ ಅವರ ತಲೆಗೆ ಹತ್ತಲೇ ಇಲ್ಲ.

ಮಗನಿಗೋ ಆ ನೌಕರಿಯೆಂದರೆ ಪ್ರಾಣ. ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆ ಮೂರೂ ಕಡೆಗೆ ಅವನೊಬ್ಬನೇ ಏಜೆಂಟು. ತಾನು ಒಂದು ಊರನ್ನು ನೋಡಿ ಬಂದು ನಾಲ್ಕು ಸಾಲು ಬರೆದರೆ, ಆ ಊರನ್ನು ಜನ್ಮದಲ್ಲಿ ಕಾಣದ ಮಹನೀಯರು ಮದರಾಸಿನಲ್ಲಿ ಅದನ್ನೋದಿ ದುಡ್ಡು ಕಳಿಸುತ್ತಾರೆ ಎಂಬುದೇ ಅವನಿಗೆ ಒಂದು ಬೆರಗು. ಆದರೆ ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. ವರ್ಷ ತುಂಬಿದಾಗ ಇಟ್ಟುಕೊಂಡರೆ ಉಂಟು, ಇಲ್ಲದಿದ್ದರೆ ಸೈಕಲನ್ನೂ ಬಿಟ್ಟು ಮನೆಗೆ ನಡೆಯಬೇಕು.

ವರ್ಜೀನಿಯಾ ಹೊಗೆಸೊಪ್ಪು ಪಿರಿಯಾಪಟ್ಟಣದ ಕಡೆಗೆ ಹೊಸದಾಗಿ ಕಾಲಿಟ್ಟಿದ್ದ ಕಾಲ ಅದು. ಸೊಪ್ಪು ಬೇಯಿಸಲು ಕಂಪನಿ ಬೆಂಕಿಗೂಡಿನ ಮನೆಗಳನ್ನು, ಎಂದರೆ ಬ್ಯಾರನ್‌ಗಳನ್ನು ಕಟ್ಟಿಸುತ್ತಿತ್ತು. ಖರ್ಚಿನಲ್ಲಿ ಒಂದು ಪಾಲನ್ನು ಊರ ರೈತರೇ ಷೇರು ಕೊಂಡು ಹಾಕಬೇಕು, ಆಗ ಸೊಪ್ಪು ಬೇರೆಡೆಗೆ ಹೋಗುವುದಿಲ್ಲ ಎಂಬುದು ಮದರಾಸಿನ ಲೆಕ್ಕಾಚಾರ. ಅಸದುಲ್ಲಾ ಹಳ್ಳಿ ಹಳ್ಳಿ ತಿರುಗಿ ಷೇರು ಎಂದರೇನೆಂದು ಗಂಟಲು ಕಟ್ಟುವ ತನಕ ವಿವರಿಸಿದ. ಎಲ್ಲರೂ ಮಜ್ಜಿಗೆ ಕೊಟ್ಟರು, ದುಡ್ಡು ಯಾರೂ ಕೊಡಲಿಲ್ಲ.

ಕೊನೆಗೆ ಮಹದೇವಪ್ಪನೆಂಬ ರೈತನ ಜಗಲಿಯಲ್ಲಿ ಅವನ ತಾಯಿ ದೊಡ್ಡತಾಯಮ್ಮ ಎಲೆಗೆ ಸುಣ್ಣ ಹಚ್ಚುತ್ತಾ ಎಲ್ಲವನ್ನೂ ಕೇಳಿಸಿಕೊಂಡಳು.

“ಅಂಗಾರೆ ಇದು ಮುಯ್ಯಿ ಕಣಪ್ಪ” ಎಂದಳು. “ಈಗ ನಿಮ್ ಕಂಪ್ನಿ ಮನೇಲಿ ಕಾರ್ಯ, ನಾವು ಆಕ್ತೀವಿ. ನಮ್ಮನೇಲಿ ಕಾರ್ಯ ಆದಾಗ ನೀವು ಆಕ್ತೀರಿ. ಅಂಗೇ ತಾನೇ?”

ಮದುವೆಮನೆಯಲ್ಲಿ ಒಬ್ಬರು ಇಟ್ಟ ಹಣವನ್ನು ಅವರ ಮನೆಯ ಮದುವೆಗೆ ಮೇಲೊಂದು ರೂಪಾಯಿ ಸೇರಿಸಿ ಹಿಂತಿರುಗಿಸುವುದೇ ಮುಯ್ಯಿ. ಮುಯ್ಯಿ ತಿರುಗಿಸದವನ ಮುಖವನ್ನು ಯಾರೂ ನೋಡುವುದಿಲ್ಲ. ಷೇರು ಅದಲ್ಲವೆಂದು ಅಸದುಲ್ಲಾನಿಗೆ ಚೆನ್ನಾಗಿ ಗೊತ್ತಿತ್ತು. ಆದರೆ ಬೆಳಗಿನಿಂದ ಅಲೆದು ಸುಸ್ತಾಗಿದ್ದ.

“ಹೂಂ ಅವ್ವ, ಹಂಗೇ ಅನ್ಕೊಳ್ಳಿ” ಎಂದುಬಿಟ್ಟ.

ಮಹದೇವಪ್ಪ ಒಳಗೆ ಹೋಗಿ ಇಪ್ಪತ್ತು ರೂಪಾಯಿ ತಂದಿಟ್ಟ. ಸುದ್ದಿ ಹರಡಿತು. ಹೊಲಗದ್ದೆ ಇದ್ದವರೆಲ್ಲ ಒಬ್ಬರನ್ನು ನೋಡಿ ಒಬ್ಬರು ಕಂಪನಿಗೆ ಮುಯ್ಯಿ ಹಾಕಿದರು. ಮದರಾಸಿನಿಂದ ಶಹಬ್ಬಾಸ್ ಎಂದು ತಂತಿ ಬಂತು. ಅಸದುಲ್ಲಾ ಅದನ್ನು ಜೇಬಿನಲ್ಲೇ ಇಟ್ಟುಕೊಂಡು ತಿರುಗಿದ.

ಮದುವೆಯ ಕಾಲ ಬಂದದ್ದೇ ತಡ, ಗ್ರಹಚಾರ ಶುರುವಾಯಿತು. ಮೂಲೆಗಳಿಗೆ ಅರಿಶಿನ ಹಚ್ಚಿದ ಲಗ್ನಪತ್ರಿಕೆಗಳು ಒಂದರ ಹಿಂದೊಂದು ಮದರಾಸಿನ ಕಚೇರಿಗೆ ಹೋಗಿ ಬಿದ್ದವು. ಕಂಪನಿಯವರು ಸಕುಟುಂಬ ಸಮೇತ ಬಂದು ಹರಸಬೇಕಂತೆ. ಏಜೆಂಟನು ಜನರಿಗೆ ಏನೇನು ಆಸೆ ಹುಟ್ಟಿಸಿದ್ದಾನೆ ಎಂದು ಅಲ್ಲಿಂದ ಕೆಂಡದಂಥ ಪ್ರಶ್ನೆ ಬಂತು. ಮೈಸೂರಿನ ಮ್ಯಾನೇಜರು ಗೋವಿಂದಯ್ಯ ಅಸದುಲ್ಲಾನನ್ನು ಕರೆಸಿ ಪತ್ರಿಕೆಗಳನ್ನು ಮೇಜಿನ ಮೇಲೆ ಸುರಿದರು.

“ಮುಯ್ಯಿ ಅಂದಿರಾ?”

“ಅಂದೆ ಸ್ವಾಮಿ.”

“ಅದು ಮುಯ್ಯಿ ಅಲ್ಲ ಅಂತ ಹೋಗಿ ಹೇಳಿ ಬನ್ನಿ. ಅವರು ಒಪ್ಪಿದರೆ ಸರಿ. ಷೇರು ವಾಪಸ್ ಕೊಟ್ಟರೋ, ನಿಮ್ಮ ಕೆಲಸ ಇಲ್ಲ. ನಾನೂ ಏನೂ ಮಾಡೋಕಾಗಲ್ಲ.”

ಅಸದುಲ್ಲಾ ಮನಸ್ಸಿನಲ್ಲೇ ಲೆಕ್ಕ ಹಾಕಿದ. ಆ ವರ್ಷದ ಲಾಭದ ಪಾಲನ್ನು ಕಂಪನಿ ಆಗಲೇ ಘೋಷಿಸಿತ್ತು. ಇನ್ನೇನು ಮನಿಯಾರ್ಡರಿನಲ್ಲಿ ಹೊರಡಬೇಕು. ಮಹದೇವಪ್ಪನ ಇಪ್ಪತ್ತಕ್ಕೆ ಬಂದದ್ದು ಒಂದೂವರೆ ರೂಪಾಯಿ. ಊರು ಕಾಯುತ್ತಿದ್ದದ್ದು ಇಪ್ಪತ್ತೊಂದನ್ನು.

“ಸ್ವಾಮಿ, ಈ ದುಡ್ಡು ಅಂಚೆಯಲ್ಲಿ ಬೇಡ. ನನ್ನ ಕೈಗೆ ಕೊಡಿ” ಎಂದ. “ಮಹದೇವಪ್ಪನ ಮಗಳ ಮದುವೆ ಗುರುವಾರ ಇದೆ. ಮುಯ್ಯಿ ಕೂಗೋ ಚಪ್ಪರದಲ್ಲೇ ನಿಂತು ಹೇಳ್ತೀನಿ.”

“ಕಂಪನಿ ಮದುವೆಗೆ ಹೋಗೋದು ಎಲ್ಲಾದರೂ ಉಂಟೇನ್ರೀ?”

“ಕಂಪನಿಗೆ ಕಾಲಿಲ್ಲ ಸ್ವಾಮಿ. ನಮಗಿದೆಯಲ್ಲ.”

ಗೋವಿಂದಯ್ಯ ಕನ್ನಡಕ ತೆಗೆದು ಅವನನ್ನೇ ನೋಡಿದರು. “ನಾನೂ ಬರ್ತೀನಿ. ನೀವು ಏನು ಹೇಳ್ತೀರೋ ನನ್ನ ಕಿವಿಯಲ್ಲೇ ಕೇಳಬೇಕು” ಎಂದರು.

ಧಾರೆ ಮುಗಿದು, ಚಪ್ಪರದಲ್ಲಿ ದಾಸಯ್ಯನೆಂಬ ಹಿರಿಯ ಮುಯ್ಯಿ ಕೂಗುತ್ತಿದ್ದ. ಅವನ ಗಂಟಲು ಪಕ್ಕದೂರಿಗೂ ಕೇಳುವಂಥದ್ದು. ಇಂಥವರ ಮುಯ್ಯಿ ಎರಡು ರೂಪಾಯಿ, ಇಂಥವರದು ಐದು. ಕಂಪನಿಯ ಸರದಿ ಬಂದಾಗ ಮಾತೆಲ್ಲ ನಿಂತಿತು. ಅಸದುಲ್ಲಾ ತಟ್ಟೆಗೆ ಒಂದೂವರೆ ರೂಪಾಯಿ ಇಟ್ಟ. ದಾಸಯ್ಯನಿಗೆ ಕೂಗಲು ಬಾಯೇ ಬರಲಿಲ್ಲ.

“ಇಪ್ಪತ್ತಕ್ಕೆ ಒಂದೂವರೆಯಾ?” ಎಂದು ಹಿಂದಿನಿಂದ ಯಾರೋ ನಕ್ಕರು. ಮಹದೇವಪ್ಪ ಬೀಗರ ಮುಂದೆ ತಲೆ ತಗ್ಗಿಸಿದ.

ಅಸದುಲ್ಲಾ ಜನರ ಕಡೆ ತಿರುಗಿ ನಿಂತ.

“ಒಂದ್ಮಾತು ಕೇಳಿ. ನಿಮ್ಮ ಇಪ್ಪತ್ತು ಎಲ್ಲೂ ಹೋಗಿಲ್ಲ, ಬ್ಯಾರನ್ ಗೋಡೇಲೇ ಐತೆ. ಇದು ಅದರ ಒಂದು ವರ್ಷದ ದುಡಿಮೆ. ಮುಂದಿನ ವರ್ಷ ನಿಮ್ಮನೇಲಿ ಮದ್ವೆ ಇಲ್ದಿದ್ರೂ ಬತ್ತದೆ. ಆದ್ರೆ ಇದನ್ನ ಮುಯ್ಯಿ ಅಂದಿದ್ದು ನನ್ನ ತಪ್ಪು. ಬೇಗ ಒಪ್ಲಿ ಅಂತ ಅಂದ್ಬುಟ್ಟೆ. ಸೊಪ್ಪು ಕೆಟ್ಟ ವರ್ಷ ಕಾಸೂ ಬರಲ್ಲ. ಕಂಪನಿ ಮುಳುಗಿದ್ರೆ ಇಪ್ಪತ್ತೂ ಹೋಯ್ತದೆ. ಇಷ್ಟನ್ನೂ ಅವತ್ತೇ ಹೇಳ್ಬೇಕಿತ್ತು. ಬ್ಯಾಡ ಅನ್ನೋರು ನಾಳೆ ಬನ್ನಿ, ವಾಪಸ್ ಕೊಡಿಸ್ತೀನಿ.”

ಕಂಪನಿ ಮುಳುಗುವ ಮಾತು ಕೇಳಿ ಗೋವಿಂದಯ್ಯ ಕಣ್ಣು ಮುಚ್ಚಿಕೊಂಡರು. ಮದರಾಸಿನ ಯಾವ ಸುತ್ತೋಲೆಯಲ್ಲೂ ಹೀಗೆ ಹೇಳಬೇಕೆಂದು ಬರೆದಿರಲಿಲ್ಲ.

ದೊಡ್ಡತಾಯಮ್ಮ ಮೆಲ್ಲಗೆ ಎದ್ದು ಬಂದು ತಟ್ಟೆಯ ದುಡ್ಡನ್ನು ಕೈಗೆತ್ತಿಕೊಂಡಳು.

“ನಗಬ್ಯಾಡ್ರಲಾ” ಎಂದಳು. “ನಾನು ಎಷ್ಟು ಜನಕ್ಕೆ ಮುಯ್ಯಿ ತೀರ್ಸಿವ್ನಿ. ತೀರ್ದ್ ಮ್ಯಾಲೆ ಆ ಲೆಕ್ಕ ಅಲ್ಲಿಗಾಯ್ತು. ಇದು ತೀರಾಕಿಲ್ಲ, ಬತ್ತಾನೇ ಇರ್ತದೆ ಅಂತಾನೆ. ದುಡ್ಡು ಓದ್ರೂ ಓಗ್ಬೌದು ಅಂತ್ಲೂ ಬಾಯ್ಬುಟ್ಟು ಏಳ್ದ. ದುಡ್ಡು ನುಂಗೋನು ಮದ್ವೆಮನೇಗೆ ಬಂದು ಇಂಗೆ ಏಳಾನಾ?”

ಆಮೇಲೆ ಅಸದುಲ್ಲಾನ ಕಡೆ ತಿರುಗಿದಳು. “ನನ್ ದುಡ್ಡು ಅಲ್ಲೇ ಇರ್ಲಿ ಮಗ. ಆದ್ರೆ ಒಂದ್ ಮಾತು ಕೊಡು. ಸೊಪ್ಪು ಕೆಟ್ ವರ್ಸ ಬರಿಗೈಲಾದ್ರೂ ಬಂದು ಮುಖ ತೋರ್ಸಿ ಓಗು. ಕಾಗ್ದ ಕಳಿಸ್ಬುಟ್ಟು ಕೂತ್ಕಬ್ಯಾಡ.”

ಅಂಥ ಮಾತನ್ನು ಕಂಪನಿಯ ಪರವಾಗಿ ಕೊಡುವ ಅಧಿಕಾರ ಅವನಿಗಿರಲಿಲ್ಲ. ಅವನು ಗೋವಿಂದಯ್ಯನವರ ಕಡೆ ನೋಡಿದ. ಅವರು ಪೇಟ ಸರಿಮಾಡಿಕೊಂಡು ಎದ್ದು ನಿಂತರು.

“ಬರ್ತೀವಿ ತಾಯಿ. ಕಂಪನಿಯ ಮಾತಿದು, ನಾನು ಕೊಡ್ತಿದ್ದೀನಿ.”

ಆಗ ನೋಡಬೇಕಿತ್ತು ದಾಸಯ್ಯನ ಗಂಟಲನ್ನು. ಕಂಪನಿಯವರ ಒಂದೂವರೆ ರೂಪಾಯಿ, ತೀರದ ಮುಯ್ಯಿ ಎಂದು ಅವನು ಕೂಗಿದ ರಭಸಕ್ಕೆ ಓಲಗದವರು ಯಾರೂ ಹೇಳದೆಯೇ ಡೋಲು ಬಾರಿಸಿದರು. ಮಹದೇವಪ್ಪ ತಲೆಯೆತ್ತಿ ಬೀಗರಿಗೆ ಬ್ಯಾರನ್ನಿನ ಸಂಗತಿ ಹೇಳತೊಡಗಿದ. ಒಬ್ಬನೂ ದುಡ್ಡು ವಾಪಸ್ ಕೇಳಲಿಲ್ಲ. ಅಷ್ಟೇ ಏಕೆ, ಬೀಗರ ಕಡೆಯವರು ಮೊದಲು ಬಂದರು, ಹಿಂದಿನಿಂದ ನಕ್ಕವನೂ ಬಂದ, ತಮಗೂ ಷೇರು ಬೇಕೆಂದರು. ಅಸದುಲ್ಲಾ ಒಬ್ಬನಿಂದ ಆಗದೆ ಮೈಸೂರಿನ ಮ್ಯಾನೇಜರು ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಅರ್ಜಿ ಬರೆದರು. ಅಸದುಲ್ಲಾನ ಚೀಲದಲ್ಲಿದ್ದ ಷೇರಿನ ಅರ್ಜಿಗಳೆಲ್ಲ ಊಟಕ್ಕೆ ಮೊದಲೇ ಮುಗಿದವು.

ಸಂಜೆ ಊರಾಚೆಯ ದಾರಿಯಲ್ಲಿ ಗೋವಿಂದಯ್ಯ ತಾಂಬೂಲ ಜಗಿಯುತ್ತಾ ನಡೆದರು.

“ನಿಮ್ಮನ್ನ ಖಾಯಂ ಮಾಡೋಕೆ ನಾಳೆ ಬರೀತೀನಿ, ಅಸದುಲ್ಲಾ.”

ಅಸದುಲ್ಲಾನಿಗೆ ಕೂಗಬೇಕೆನಿಸಿತು, ಕುಣಿಯಬೇಕೆನಿಸಿತು. ಹಿರಿಯರ ಎದುರು ಅದು ಚೆನ್ನಾಗಿರುವುದಿಲ್ಲವೆಂದು ಸೈಕಲ್ಲಿನ ಗಂಟೆಯನ್ನು ಸುಮ್ಮಸುಮ್ಮನೆ ಬಾರಿಸಿದ. ದಾರಿಯಲ್ಲಿ ಎದುರು ಬರುವವರು ಯಾರೂ ಇರಲಿಲ್ಲ.

“ಇನ್ನೂ ಎಷ್ಟು ಲಗ್ನಪತ್ರಿಕೆ ಇವೆ?” ಎಂದು ಗೋವಿಂದಯ್ಯ ಕೇಳಿದರು.

“ಬಹಳ ಇವೆ ಸ್ವಾಮಿ. ಸೋಮವಾರ ಅಂತರಸಂತೆಯಲ್ಲಿ ಒಂದು.”

“ಅಂತರಸಂತೆಗಾ?” ಅವರು ನಿಂತು ಪಂಚೆಯನ್ನು ಎತ್ತಿ ಕಟ್ಟಿದರು. “ಹಾಗಾದರೆ ಕಂಪನಿ ಎಷ್ಟು ಹೊತ್ತಿಗೆ ಹೊರಡಬೇಕು, ಹೇಳಿ.”