ಬಯಲಿನ ಮಂಡಕ್ಕಿ

ಊರು ಜಿಲ್ಲೆಯಾದ ಮರುವರ್ಷ ದಾವಣಗೆರೆಯಲ್ಲಿ ಖಾಲಿ ಜಾಗ ಕಂಡಲ್ಲೆಲ್ಲ ಅಳತೆ ಟೇಪು ಹಿಡಿದವರೂ ಕಾಣತೊಡಗಿದರು. ಮಂಡಕ್ಕಿ ಭಟ್ಟಿಗಳ ಪಕ್ಕದ ಬಡಾವಣೆಯಲ್ಲಿ ಉಳಿದಿದ್ದ ಒಂದೇ ಒಂದು ಬಯಲಿನಲ್ಲಿ ಅಂಗಡಿ ಮಳಿಗೆ ಎಬ್ಬಿಸುತ್ತಾರೆಂದು ಸುದ್ದಿಯಾಯಿತು. ಗಿರಣಿಯಿಂದ ನಿವೃತ್ತರಾಗಿದ್ದ ಶಿವಯೋಗಪ್ಪ ಅಂದೇ 'ಉದ್ಯಾನ ಉಳಿಸಿ ಸಮಿತಿ' ಕಟ್ಟಿದರು. ಉಳಿಸಲು ಉದ್ಯಾನವೇನೂ ಇರಲಿಲ್ಲ. ಬಡಾವಣೆಯ ನಕ್ಷೆಯಲ್ಲಿತ್ತು, ಶಿವಯೋಗಪ್ಪನವರ ಕಣ್ಣಲ್ಲಿತ್ತು. ಹಸಿರು ಹುಲ್ಲು, ಕಲ್ಲುಬೆಂಚು, ಸಂಜೆ ಕೂತು ಪೇಪರ್ ಓದುವುದು. ಜೀವನವೆಲ್ಲ ಗಿರಣಿಯ ಹತ್ತಿಧೂಳು ಕುಡಿದವರಿಗೆ ಇದಕ್ಕಿಂತ ದೊಡ್ಡ ಆಸೆಯಿರಲಿಲ್ಲ.

ಎದುರು ಮನೆಯ ಶಾಂತಕುಮಾರಿ ಸಮಿತಿಯ ಕಾರ್ಯದರ್ಶಿ. ಅಧ್ಯಕ್ಷರ ಭಾಷಣವನ್ನು ಅಧ್ಯಕ್ಷರ ಎದುರೇ ಅಣಕಿಸುತ್ತಿದ್ದಳು. ಕನ್ನಡಕ ಮೂಗಿನ ತುದಿಗಿಳಿಸಿ, ಗಂಟಲು ಸರಿಮಾಡಿಕೊಂಡು, "ಬಂಧುಗಳೇ, ಹುಲ್ಲು ಅಂದ್ರೆ ಬರೇ ಹುಲ್ಲಲ್ಲ..."

"ಕೆಮ್ಮು ಸಾಲ್ದವ್ವ, ಎರಡು ಸಲ ಕೆಮ್ಮಬೇಕು" ಎಂದು ಶಿವಯೋಗಪ್ಪನವರೇ ತಿದ್ದುತ್ತಿದ್ದರು.

ಸ್ಥಳ ನೋಡಿ ವರದಿ ಬರೆಯಲು ಹರಿಹರದಿಂದ ಇಂಜಿನಿಯರ್ ಹನುಮಂತಪ್ಪ ಶುಕ್ರವಾರ ಬರಬೇಕಿತ್ತು. ಗುರುವಾರ ಬೆಳಿಗ್ಗೆಯೇ ಫೋನು ಬಂತು: ಇವತ್ತೇ ಬರ್ತೀನಿ. ಶಿವಯೋಗಪ್ಪ ಬಯಲಿಗೆ ಓಡಿದರು. ಅಲ್ಲಿ ರಹಮತ್ ಬೀ ಎಂದಿನಂತೆ ತಾಡಪಾಲು ಹಾಸಿ ಮಂಡಕ್ಕಿ ಹುರಿಯುವ ಅಕ್ಕಿಯನ್ನು ಒಣಹಾಕಿದ್ದಳು. ಬಯಲಿನ ಅರ್ಧ ಬೆಳ್ಳಗಿತ್ತು.

"ಬೀ, ಇವತ್ತೊಂದಿನ ಇದನ್ನ ತೆಗೀಬೇಕವ್ವ. ಸಾಹೇಬ್ರು ಇದನ್ನ ನೋಡಿದ್ರೆ, ಪಾರ್ಕು ಎಲ್ಲೈತೆ, ಇದು ವ್ಯಾಪಾರದ ಜಾಗ ಅಂತ ಬರೀತಾರೆ. ಆಮ್ಯಾಲೆ ಮಳಿಗೆನೇ."

"ಉಪ್ಪುನೀರು ಕಲಸಿಬಿಟ್ಟೀನಲ್ಲ ಅಣ್ಣಾರೆ. ಇವತ್ತು ಬಿಸ್ಲು ಕಾಣದಿದ್ರೆ ಅಕ್ಕಿ ಹುಳಿ ವಾಸ್ನೆ ಬರ್ತೈತೆ. ಭಟ್ಟಿಯೋರು ಮುಟ್ಟಂಗಿಲ್ಲ." ಅವಳ ಧ್ವನಿಯಲ್ಲಿ ಜಗಳವಿರಲಿಲ್ಲ. ಆಗಲೇ ಒಂದು ಮೂಲೆಯಿಂದ ಅಕ್ಕಿ ಗುಡ್ಡೆ ಮಾಡತೊಡಗಿದ್ದಳು.

ಹಿಂದೆಯೇ ಬಂದಿದ್ದ ಶಾಂತಕುಮಾರಿ ಸೆರಗು ಸಿಕ್ಕಿಸಿದಳು. "ಬಿಸ್ಲು ನೆಲಕ್ಕಷ್ಟೇ ಬೀಳ್ತೈತೇನು? ನಮ್ಮ ತಾರಸಿ ಮ್ಯಾಲೆ ಹಾಕ್ರಿ ಬೀ. ನಿಮ್ಮದೂ ತೆಗೀರಿ ಅಧ್ಯಕ್ಷರೇ, ತಾರಸಿ ಬೀಗ."

ಬುಟ್ಟಿ ಬುಟ್ಟಿಯಾಗಿ ಅಕ್ಕಿ ಸುತ್ತಲಿನ ತಾರಸಿಗಳನ್ನೇರಿತು. ಬಯಲಿಗೆ ಮನೆಮನೆಯ ಹೂಕುಂಡಗಳು ಇಳಿದವು. ತುಳಸಿ, ದಾಸವಾಳ, ಯಾರದೋ ಅಡುಗೆಮನೆ ಕಿಟಕಿಯ ಮನಿಪ್ಲಾಂಟು ಕೂಡ.

ಇಂಜಿನಿಯರ್ ಬಂದರು. ಕುಂಡಗಳ ನಡುವೆ ಗಂಭೀರವಾಗಿ ನಡೆದರು. ಅಷ್ಟರಲ್ಲಿ ಗುಬ್ಬಿ, ಪಾರಿವಾಳಗಳಿಗೆ ಸುದ್ದಿ ಮುಟ್ಟಿತ್ತು. ಸುತ್ತಲಿನ ತಾರಸಿಗಳ ಮೇಲೆ ಹೆಂಗಸರು ಟವೆಲು ಬೀಸುತ್ತ "ಹುಶ್, ಹುಶ್" ಅನ್ನತೊಡಗಿದರು. ಹನುಮಂತಪ್ಪ ತಲೆಯೆತ್ತಿ ನೋಡಿದರು.

"ಏನ್ರಿ ಅದು?"

"ಹೋರಾಟ ಸರ್" ಎಂದರು ಶಿವಯೋಗಪ್ಪ.

"ನನಗೇನೋ ಹಾರಾಟ ಕಂಡಂಗಾತು" ಎಂದು ಶಾಂತಕುಮಾರಿ ಪಕ್ಕದವರ ಕಿವಿಯಲ್ಲಿ ಉಸುರಿದಳು.

ಇಷ್ಟಕ್ಕೇ ಮುಗಿದಿದ್ದರೆ ಸಮಿತಿ ಗೆದ್ದಿರುತ್ತಿತ್ತು. ಆದರೆ ಮನೆ ಬಾಗಿಲಿಗೆ ಬಂದವರನ್ನು ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಕೊಡದೆ ಕಳಿಸುವುದು ದಾವಣಗೆರೆಯವರ ಕೈಲಾಗದ ಕೆಲಸ. ಶಿವಯೋಗಪ್ಪನವರ ಜಗುಲಿಗೆ ತಟ್ಟೆ ಬಂತು. ಹನುಮಂತಪ್ಪ ಒಂದು ಮುಕ್ಕು ಹಾಕಿಕೊಂಡು ಕಣ್ಣರಳಿಸಿದರು.

"ಏನು ಗರಿಗರಿ ಐತ್ರಿ. ಹರಿಹರದಾಗ ಇಂಥದ್ದು ಸಿಗಲ್ಲ. ಎಲ್ಲೀದು?"

"ಹೆಂಗೆ ಸಿಗ್ತೈತೆ ಸರ್?" ಶಿವಯೋಗಪ್ಪ ಎದೆಯುಬ್ಬಿಸಿದರು. "ಅಕ್ಕಿ ಒಣಗೋದು ಇದೇ ಬಯಲಾಗೆ. ನಮ್ಮ ರಹಮತ್ ಬೀ ಕೈಯದು."

ಹೇಳಿದ ಮೇಲೆ ಅವರ ಬಾಯಿ ತೆರೆದೇ ಉಳಿಯಿತು. ಶಾಂತಕುಮಾರಿ ಹಣೆ ಹಿಡಿದುಕೊಂಡಳು. ಬಾಗಿಲ ಬಳಿ ನಿಂತಿದ್ದ ರಹಮತ್ ಬೀ ತಲೆಯ ಸೆರಗು ಎಳೆದುಕೊಂಡಳು.

ಹನುಮಂತಪ್ಪ ನಿಧಾನವಾಗಿ ಅಗಿದು ನುಂಗಿದರು. "ತಾರಸಿ ಮ್ಯಾಲಿರೋದು ಅದೇನಾ?"

"ಹೌದು ಸರ್. ಎತ್ತಿಡಿಸಿದ್ದು ನಾವೇ, ಅವರದೇನೂ ತಪ್ಪಿಲ್ಲ" ಎಂದಳು ಶಾಂತಕುಮಾರಿ.

"ನೋಡ್ರಿ, ಮಳಿಗೆ ಬ್ಯಾಡ ಅಂತ ನಾನು ಹೆಂಗಿದ್ರೂ ಬರೀತೀನಿ. ಆದ್ರೆ ಪಾರ್ಕು ಅಂತ ಬರೆದ್ರೆ ಬೇಲಿ ಬರ್ತೈತೆ, ಹುಲ್ಲು ಬರ್ತೈತೆ. ಈಯಮ್ಮನ ಅಕ್ಕಿ ಒಳಗೆ ಬರಲ್ಲ. ಬಯಲು, ಸುತ್ತಲಿನೋರು ದಿನಾ ಬಳಸ್ತಾರೆ ಅಂತ ಬರೆದ್ರೆ ಇದ್ದಂಗೇ ಇರ್ತೈತೆ. ಹುಲ್ಲು ಮರೀಬೇಕು. ಅಧ್ಯಕ್ಷರು ನೀವು. ಯಾವ್ದು ಬರೀಲಿ?"

ಶಿವಯೋಗಪ್ಪ ಬಯಲಿನ ಕಡೆ ನೋಡಿದರು.

ರಹಮತ್ ಬೀಯೇ ಮಾತಾಡಿದಳು. "ಹುಲ್ಲೇ ಹಾಕಿಸ್ರಿ ಅಣ್ಣಾರೆ. ನಿಮ್ಮ ಆಸೆ ಓಣಿಗೆಲ್ಲ ಗೊತ್ತೈತೆ. ನಾನು ಊರಾಚೆ ಬಾತಿ ಕಡೆ ಎಲ್ಲಾರ ಜಾಗ ನೋಡ್ಕೊತೀನಿ."

"ಬಾತಿಗೆ ದಿನಾ ಅಕ್ಕಿ ಹೊತ್ಕಂಡು ಹೋಗಿಬರ್ತೀಯಾ?" ಎಂದರು ಶಿವಯೋಗಪ್ಪ.

"ರೂಢಿ ಆಗ್ತೈತೆ ಬಿಡ್ರಿ."

ಶಿವಯೋಗಪ್ಪ ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿದರು. ಒರೆಸಿದ್ದು ಸಾಲದೆಂಬಂತೆ ಮತ್ತೂ ಒರೆಸಿದರು. "ಬಯಲು ಅಂತ ಬರೀರಿ ಸರ್" ಎಂದರು. ಆಮೇಲೆ ಬಹಳ ಸಣ್ಣ ದನಿಯಲ್ಲಿ, "ಪೇಪರ್ ಜಗುಲಿ ಮ್ಯಾಲೂ ಓದಬೋದು."

ಶಾಂತಕುಮಾರಿ ಅಂದು ಅಣಕಿಸದೆ ತಟ್ಟೆಯನ್ನು ಅಧ್ಯಕ್ಷರ ಕಡೆ ಸರಿಸಿದಳು.

ಇಂಜಿನಿಯರ್ ಹೋದ ಮೇಲೂ ಬಿಸಿಲು ಚೆನ್ನಾಗಿಯೇ ಇತ್ತು. ತಾರಸಿಗಳಿಂದ ಬುಟ್ಟಿಗಳು ಇಳಿದವು. ಒಂದನ್ನು ಹೊತ್ತು ತಂದ ಶಿವಯೋಗಪ್ಪ ತಾಡಪಾಲಿನಾಚೆ ಚಪ್ಪಲಿ ಬಿಟ್ಟು, ಕುಕ್ಕುರುಗಾಲಲ್ಲಿ ಕೂತು ಅಕ್ಕಿ ಹರಡತೊಡಗಿದರು.

"ಅಷ್ಟು ದಪ್ಪ ಬ್ಯಾಡ ಅಣ್ಣಾರೆ, ತೆಳ್ಳಗೆ."

"ಹಿಂಗಾ?"

"ಇನ್ನೊಂದೀಟು."

"ಹಿಂಗಾ ಬೀ?"