ಆ ಕಡೆಯ ಪ್ರಬಂಧ

ಬಹುಮಾನ ಬಂದಿದೆ ಎಂದು ಟೀಚರ್ ಹೇಳಿದಾಗ ಲಾಯರಮ್ಮನ ಮುಖ ಅರಳಿತು. ಯಾವ ಪ್ರಬಂಧಕ್ಕೆ ಎಂದು ತಿಳಿದಾಗ ಬಾಡಿತು.

ಲಾಯರಮ್ಮ ಎಂಬುದು ತಾತ ಇಟ್ಟ ಅಡ್ಡಹೆಸರು. ಇನ್ನೂ ಶಾಲೆಗೆ ಹೋಗುವ ಹುಡುಗಿ, ಆದರೆ ವಾದಕ್ಕೆ ನಿಂತಳೆಂದರೆ ತಟ್ಟೆಯಲ್ಲಿನ ಊಟ ಆರಿಹೋಗಬೇಕು. ನಗರಸಭೆ ಪ್ರತಿ ವರ್ಷ ವಿದ್ಯಾರ್ಥಿಗಳಿಗೆ ಪ್ರಬಂಧ ಸ್ಪರ್ಧೆ ನಡೆಸುತ್ತಿತ್ತು. ಈ ಸಲದ ವಿಷಯ, ಆಸ್ಪತ್ರೆ ರಸ್ತೆಗೆ ನಗರಸಭೆ ಓಡಿಸುವ ರಾತ್ರಿಯ ಕೊನೆಯ ಬಸ್ಸನ್ನು ಮುಂದುವರಿಸಬೇಕೇ, ನಿಲ್ಲಿಸಬೇಕೇ ಎಂಬುದು. ಅವಳ ಅಮ್ಮ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಕೆಲಸ ಮುಗಿಸಿ ಮನೆಗೆ ಬರುತ್ತಿದ್ದುದು ಅದೇ ಬಸ್ಸಿನಲ್ಲಿ. ಬಸ್ಸು ನಿಂತರೆ ಅಮ್ಮ ಆ ಪಾಳಿ ಬಿಡಬೇಕು. ಬೇರೆ ಪಾಳಿಯಲ್ಲಿ ಜಾಗವಿರಲಿಲ್ಲ.

ಟೀಚರದ್ದು ಒಂದು ಪದ್ಧತಿ. ಮಕ್ಕಳು ತಮ್ಮ ಅಭಿಪ್ರಾಯ ಬರೆಯುವ ಮುಂಚೆ ಎದುರು ಪಕ್ಷದ ಪರವಾಗಿ, ಅವರೇ ತಲೆದೂಗುವಂತೆ ಒಂದು ಪ್ರಬಂಧ ಬರೆಯಬೇಕು. ಲಾಯರಮ್ಮ ಎರಡನ್ನೂ ಬರೆದುಕೊಟ್ಟಿದ್ದಳು. ಬಸ್ಸು ಬೇಕು ಎಂದದ್ದರಲ್ಲಿ ಬರೀ ಸಿಟ್ಟಿತ್ತು. ಬೇಡ ಎಂದದ್ದರಲ್ಲಿ ತಾಳ್ಮೆಯಿತ್ತು, ತರ್ಕವಿತ್ತು: ಬೆರಳೆಣಿಕೆಯ ಜನಕ್ಕಾಗಿ ಅಷ್ಟು ದೊಡ್ಡ ಬಸ್ಸು ಡೀಸೆಲ್ ಕುಡಿಯುವುದು ಯಾವ ನ್ಯಾಯ? ಟೀಚರ್ ಸ್ಪರ್ಧೆಗೆ ಕಳಿಸಿದ್ದು ಅದನ್ನು.

"ನಾನು ಆ ಕಡೆ ಅಲ್ಲ ಟೀಚರ್!"

"ಓದಿದ್ರೆ ಹಾಗನ್ಸೋದಿಲ್ವಲ್ಲೇ! ಎರಡರಲ್ಲಿ ಚೆನ್ನಾಗಿರೋದನ್ನ ಕಳಿಸೋದು ನನ್ನ ರೂಢಿ." ಟೀಚರ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ನಿನ್ನ ಒಂದು ಮಾತು ಕೇಳ್ಬೇಕಿತ್ತು. ತಪ್ಪಾಯ್ತು ಕಣಮ್ಮ."

ಗೆದ್ದವರು ನಗರಸಭೆಯ ಮುಂದೆ ಪ್ರಬಂಧ ಓದಬೇಕಿತ್ತು. ಬಸ್ಸಿನ ಬಗ್ಗೆ ಸದಸ್ಯರು ಕೈ ಎತ್ತುವುದು ಅದಾದ ಮೇಲೆ.

ಮನೆಯಲ್ಲಿ ಅಮ್ಮ ಒದ್ದೆ ಕೈ ಒರೆಸಿಕೊಂಡು ಕೂತು ಪೂರ್ತಿ ಓದಿದಳು.

"ಚೆನ್ನಾಗಿ ಬರ್ದಿದ್ದೀಯ ಕಣೇ. ಓದ್ತಾ ಓದ್ತಾ ನಾನೇ ಬಸ್ಸು ನಿಲ್ಲಿಸಿಬಿಡೋಣ ಅಂದ್ಕೊಂಡೆ."

"ಮನೇಲೇ ಲಾಯರ್ ಸಾಕಿ ನಾವೇ ಕೇಸು ಸೋತ್ವಲ್ಲಪ್ಪ," ಎಂದ ತಾತ.

"ತಮಾಷೆ ಬೇಡ ತಾತ. ನಾನು ಹೋಗೋದೇ ಇಲ್ಲ."

"ನೀನು ಹೋಗ್ದಿದ್ರೆ ಇನ್ಯಾರೋ ಓದ್ತಾರೆ," ಎಂದಳು ಅಮ್ಮ. "ಇದರಲ್ಲಿ ಸುಳ್ಳು ಏನಾದ್ರೂ ಇದೆಯಾ?"

"ಇಲ್ಲಮ್ಮ. ಅದೇ ಕಷ್ಟ."

"ಹಾಗಾದ್ರೆ ಅಷ್ಟನ್ನ ಒಪ್ಕೊಂಡು ಮುಂದಕ್ಕೆ ಯೋಚ್ನೆ ಮಾಡು."

ಮುಂದಕ್ಕೆ ಏನೂ ಕಾಣಲಿಲ್ಲ. ಮಾರನೆಯ ಸಂಜೆ ನಗರಸಭೆಯ ಶಾಲಾ ವ್ಯಾನಿನಿಂದ ಎಲ್ಲರಿಗಿಂತ ಕೊನೆಗೆ, ಮನೆ ಹತ್ತಿರದ ಡಿಪೋದ ಬಾಗಿಲಲ್ಲಿ ಇಳಿಯುವಾಗ ಡ್ರೈವರ್ ಕೀಲಿ ಕಿತ್ತು ಆಕಳಿಸಿದ. "ನಾಳೆ ಬೆಳಗಿನ ತನಕ ಇದಕ್ಕೂ ನಿದ್ದೆ, ನನಗೂ ನಿದ್ದೆ." ಅವಳು ಒಂದು ಕಾಲು ಮೆಟ್ಟಿಲ ಮೇಲೆ, ಒಂದು ಕಾಲು ನೆಲದ ಮೇಲೆ ಇಟ್ಟುಕೊಂಡು ಹಾಗೇ ನಿಂತುಬಿಟ್ಟಳು.

ಸಭೆಯಲ್ಲಿ ಓದಿ ಮುಗಿಸಿದಾಗ ಚಪ್ಪಾಳೆ ಜೋರಾಗಿಯೇ ಬಿತ್ತು. "ನೋಡಿ, ಮಕ್ಕಳಿಗೇ ಅರ್ಥವಾಗಿದೆ," ಎಂದರು ಅಧ್ಯಕ್ಷರು. ಲಾಯರಮ್ಮ ಮೈಕು ಬಿಡಲಿಲ್ಲ.

"ಸಾರ್, ಇದಕ್ಕೆ ಎದುರು ಮಾತು ನಾನೇ ಹೇಳ್ಬೇಕು."

"ನಿನ್ನ ಪ್ರಬಂಧಕ್ಕೆ ನೀನೇ ಎದುರಾ?"

"ಹೂಂ ಸಾರ್. ಇದರ ಹುಳುಕು ನನಗಿಂತ ಚೆನ್ನಾಗಿ ಇನ್ಯಾರಿಗೆ ಗೊತ್ತಿರುತ್ತೆ?"

ಸಭೆ ನಕ್ಕಿತು. ದೊಡ್ಡ ಬಸ್ಸು ದಂಡ, ಒಪ್ಪಿದೆ ಎಂದಳು. ಆದರೆ ಅದರಲ್ಲಿ ಬರುವವರು ದಂಡವಲ್ಲ, ನನ್ನಮ್ಮನೂ ಅವರಲ್ಲೊಬ್ಬಳು ಎಂದಳು. ಮಕ್ಕಳ ವ್ಯಾನು ಸಂಜೆಯಿಂದ ಡಿಪೋದಲ್ಲಿ ಸುಮ್ಮನೆ ನಿಂತಿರುತ್ತದೆ, ಅದನ್ನೇ ಕಳಿಸಿ ಎಂದಳು.

"ಓಡಿಸೋದು ಯಾರಮ್ಮ? ಆ ಡ್ರೈವರ್ ಬೆಳಿಗ್ಗೆಯಿಂದ ದುಡಿದಿರ್ತಾನೆ," ಎಂದರು ಸಾರಿಗೆ ಅಧಿಕಾರಿ.

ಅದನ್ನು ಅವಳು ಯೋಚಿಸಿರಲಿಲ್ಲ. "ಗೊತ್ತಿಲ್ಲ ಸಾರ್," ಎಂದಳು.

ಹಿಂದಿನ ಸಾಲಿನ ಸದಸ್ಯೆಯೊಬ್ಬರು ಎದ್ದರು. "ದೊಡ್ಡ ಬಸ್ಸು ನಿಂತರೆ ಅದರ ಡ್ರೈವರ್ ಏನು ಮನೇಲಿ ನೊಣ ಹೊಡೀತಾನಾ? ಅವನನ್ನೇ ಹಾಕಿ."

ಅಧಿಕಾರಿ ತಲೆ ಕೆರೆದುಕೊಂಡರು. "ಹಾಗೆ ಮಾಡ್ಬಹುದು," ಎಂದರು.

ಮುಂದಿನ ಸಭೆಯವರೆಗೆ ವ್ಯಾನು ಓಡಿಸಿ ನೋಡೋಣ ಎಂದು ಕೈಗಳು ಎದ್ದವು. ಎಲ್ಲವೂ ಅಲ್ಲ, ಗೆಲ್ಲಲು ಬೇಕಾದಷ್ಟು.

ವ್ಯಾನು ಓಡಿದ ಮೊದಲ ದಿನ ಅಮ್ಮ ಕುಂಟುತ್ತಾ ಒಳಗೆ ಬಂದಳು. ಲಾಯರಮ್ಮ ಗಾಬರಿಯಿಂದ ಎದ್ದಳು.

"ಏನಾಯ್ತಮ್ಮ?"

"ಮಕ್ಕಳ ಸೀಟು ಕಣೇ. ಮಂಡಿ ಗಲ್ಲಕ್ಕೆ ತಾಗುತ್ತೆ." ಅಮ್ಮ ನೆಲದ ಮೇಲೆ ಕೂತು ಕಾಲು ಚಾಚಿದಳು. "ನರ್ಸಮ್ಮ, ಅಡುಗೆಯವಳು, ನಾನು, ಎಲ್ಲ ಒಂದನೇ ಕ್ಲಾಸಿನವರ ಹಾಗೆ ಮುದುರಿಕೊಂಡು ಕೂತಿದ್ವಿ. ನಕ್ಕೂ ನಕ್ಕೂ ಸಾಕಾಯ್ತು."

"ನಾಳೆನೂ ಬರುತ್ತಂತಾ?"

"ಬರದೇ ಏನು? ಕಿಟಕಿ ಪಕ್ಕದ್ದು ನಂದು ಅಂತ ಹೇಳಿಟ್ಟು ಬಂದಿದ್ದೀನಿ."