ಕೆನೆ ಕಟ್ಟದ ಹಾಲು

ಹಾಲು ಒಡೆದರೂ ಒಂದು ಉಪಯೋಗಕ್ಕೆ ಬರುತ್ತದೆ, ಮನಸ್ಸು ಹಾಗಲ್ಲ. ಆ ಮನೆಯ ಕಿರಿಸೊಸೆಯ ಮನಸ್ಸು ಒಡೆದದ್ದು ಒಂದೇ ಒಂದು ಲೋಟ ಹಾಲಿಗೆ.

ಅತ್ತೆ ತೀರಿಕೊಂಡ ಮೇಲೆ ಅಡಿಗೆಮನೆಯ ಯಜಮಾನಿಕೆ ಹಿರಿಸೊಸೆಯ ಕೈಗೆ ಬಂದಿತ್ತು. ಒಲೆ ಕಾಯುವುದು ಚಿಕ್ಕವಳ ಕೆಲಸ, ಕೆನೆ ಕಾಯುವುದು ದೊಡ್ಡವಳದು. ಮಧ್ಯಾಹ್ನ ಕಾಯಿಸಿ ಇಳಿಸಿದ ಹಾಲು ತಣ್ಣಗೆ ಕೂತು ಹಳದಿ ಕಂಬಳಿ ಹೊದೆಯುವ ತನಕ ಯಾರೂ ಮುಟ್ಟುವಂತಿರಲಿಲ್ಲ. ಆಮೇಲೆ ದೊಡ್ಡವಳು ಬಂದು ಕೆನೆಯಷ್ಟನ್ನೂ ಎತ್ತಿಕೊಳ್ಳುವಳು. ಅರ್ಧಕ್ಕೆ ಸಕ್ಕರೆ ಉದುರಿಸಿ, ಕೋಣೆಯಲ್ಲಿ ಕೂತು ಚಮಚದ ಬೆನ್ನನ್ನೂ ಬಿಡದೆ ನೆಕ್ಕುವಳು. ಉಳಿದರ್ಧ ಬೆಣ್ಣೆಯಾಗಿ ಅವಳ ತವರಿಗೆ ಹೋಗುತ್ತಿತ್ತು. ಕದ್ದು ಕುಡಿಯುವ ಬೆಕ್ಕಿಗೂ ಒಂದು ಅಳುಕಿರುತ್ತದೆ, ಇವಳಿಗೆ ಅದೂ ಇರಲಿಲ್ಲ.

ಒಂದು ದಿನ ಚಿಕ್ಕವಳ ಅಪ್ಪ ಮಗಳನ್ನು ನೋಡಲು ಬಂದರು. ನಮ್ಮನೆ ಹಾಲು ಎಷ್ಟು ಗಟ್ಟಿ, ಬಂದು ಕುಡಿದು ನೋಡಿ ಅಂತ ಕರೆದವಳು ಮಗಳೇ. ದೊಡ್ಡವಳು ಅವರೆದುರಿಗೇ ಕೆನೆಯನ್ನೆಲ್ಲ ತನ್ನ ಬಟ್ಟಲಿಗೆ ಎಳೆದುಕೊಂಡು, ತಳದ ತಿಳಿಹಾಲನ್ನು ಲೋಟಕ್ಕೆ ಬಗ್ಗಿಸಿದಳು.

"ನಿಮ್ಮ ವಯಸ್ಸಿಗೆ ಕೆನೆ ಎಲ್ಲಿ ಅರಗುತ್ತೆ, ಹಿರಿಯರೇ," ಅಂತ ನಕ್ಕಳು.

ಅವರು ಕುಡಿದು, ಚೆನ್ನಾಗಿದೆ ತಾಯಿ ಅಂದು, ಕೂತ ಜಾಗ ಬಿಸಿಯಾಗುವ ಮೊದಲೇ ಎದ್ದು ಹೋದರು. ಒಲೆಯ ಹತ್ತಿರ ನಿಂತಿದ್ದ ಮಗಳ ಎದೆಯಲ್ಲಿ ಹಗೆ ಹೆಪ್ಪುಗಟ್ಟಿತು.

ಅವಳು ದೈವಭಕ್ತೆ. ದೇವರೇ, ನನ್ನ ಕೈಲಿ ಪಾಪ ಮಾಡಿಸಬೇಡ, ಆದರೆ ಅವಳನ್ನು ಸುಮ್ಮನೆ ಬಿಡಲೂಬೇಡ ಅಂತ ಬೇಡಿಕೊಂಡಳು. ಎರಡೂ ಹೇಗಪ್ಪಾ ಆಗುತ್ತೆ ಅಂತ ದೇವರೂ ಒಂದು ಗಳಿಗೆ ತಲೆ ಕೆರೆದುಕೊಂಡಿರಬೇಕು. ಕೊನೆಗೆ ಅವಳ ಕೈಯಲ್ಲಿದ್ದ ಸೌಟನ್ನೇ ತೋರಿಸಿದ.

ಮಾರನೆಯ ದಿನದಿಂದ ಅವಳು ಹಾಲಿಗೆ ಕೈಯಾಡಿಸುವುದನ್ನು ನಿಲ್ಲಿಸಲಿಲ್ಲ. ಕಾಯುವಾಗ ಆಡಿಸಿದಳು, ಇಳಿಸಿ ಆಡಿಸಿದಳು, ಎತ್ತರದಿಂದ ಸುರಿದು ಸುರಿದು ಆರಿಸಿ, ಬೆಚ್ಚಗಿರುವಾಗಲೇ ಎಲ್ಲರ ಲೋಟಕ್ಕೂ ತುಂಬಿದಳು. ಅಲುಗಾಡುವ ಹಾಲು ಕೆನೆ ಕಟ್ಟೀತೇ? ದೊಡ್ಡವಳು ಚಮಚ ಹಿಡಿದು ಬಂದರೆ ಪಾತ್ರೆಯಲ್ಲಿ ಬರೀ ನೊರೆ. ನೀರು ಬೆರೆಸಿದ್ದೀಯ ಅಂತ ಅವಳು ಹಾಲಿನವನ ಮೇಲೆ ಹರಿಹಾಯ್ದಳು. ಅವನು ಹಸುವಿನ ಮೇಲೆ ಆಣೆ ಹಾಕಿದ. ಚಿಕ್ಕವಳು ತಲೆ ತಗ್ಗಿಸಿ ಪಾತ್ರೆ ತೊಳೆಯುತ್ತಿದ್ದಳು. ಅವಳಿಗೆ ಬೇಕಾಗಿದ್ದುದು ಇದಲ್ಲ. ತನ್ನ ಅಪ್ಪ ಕೂತ ಜಾಗದಲ್ಲಿ ದೊಡ್ಡವಳ ಕಡೆಯವರೇ ಕೂರಬೇಕು.

ಕೂತರು. ಬೆಣ್ಣೆ ಯಾಕೆ ಬರುತ್ತಿಲ್ಲ, ಮಗಳಿಗೆ ಮೈ ಸರಿಯಿಲ್ಲವೋ ಏನೋ ಅಂತ ದೊಡ್ಡವಳ ತಾಯಿಯೇ ಹುಡುಕಿಕೊಂಡು ಬಂದರು. ದೊಡ್ಡವಳು ಹಾಲಿನವನ ನೀರಿನ ಪುರಾಣ ಶುರುಮಾಡಿದಳು. ಮುದುಕಿ ಲೋಟ ಎತ್ತಿ ಒಂದು ಗುಟುಕು ಕುಡಿದು, ಮಗಳ ಮುಖ ನೋಡಿದರು. ಇಷ್ಟು ರುಚಿಯಾದ ಹಾಲು ಕುಡಿದೇ ಎಷ್ಟು ಕಾಲವಾಯಿತು, ನೀರು ಅಂತೀಯಲ್ಲೇ ಅಂದರು.

ಚಿಕ್ಕವಳು ಸೆರಗಿಗೆ ಕೈ ಒರೆಸಿಕೊಂಡು ಮುಂದೆ ಬಂದಳು.

"ಹಾಲಿನವನದು ತಪ್ಪಿಲ್ಲಮ್ಮ. ಕೆನೆ ಕಟ್ಟೋಕೆ ನಾನೇ ಬಿಡ್ತಿಲ್ಲ. ದೇವರು ಅದನ್ನ ಎಲ್ಲ ಹನಿಗೂ ಹಂಚಿರ್ತಾನೆ. ಸುಮ್ಮನೆ ಬಿಟ್ಟರೆ ಮೇಲೆ ಬರುತ್ತೆ, ಅಕ್ಕ ಎತ್ಕೊಳ್ತಾರೆ. ನಮ್ಮಪ್ಪ ಬಂದಾಗ ಕೊಟ್ಟಿದ್ದು ಕೆನೆ ಎತ್ತಿದ ನೀರು. ಆ ಕೆನೆಯ ಬೆಣ್ಣೆ ನಿಮ್ಮ ಮನೆಗೆ ಬಂತು."

ಮುದುಕಿ ಲೋಟವನ್ನು ಮೆಲ್ಲಗೆ ಕೆಳಗಿಟ್ಟರು.

"ಇನ್ನು ನನಗೆ ಏನೂ ಕಳಿಸಬೇಡ," ಅಂದರು ಮಗಳಿಗೆ. ಉಳಿದ ಹಾಲು ಕುಡಿಯಲಿಲ್ಲ.

ಚಿಕ್ಕವಳಿಗೆ ಹೊಟ್ಟೆ ತಣ್ಣಗಾಯಿತು. ಮುದುಕಿ ಬಿಟ್ಟ ಲೋಟ ಕಂಡು ಒಂದಿಷ್ಟು ಚುರ್ ಅಂದದ್ದೂ ನಿಜ. ಆದರೂ ಲೋಟ ತುಂಬಿಕೊಂಡು, ದೊಡ್ಡವಳ ಎದುರಿಗೇ ಕೂತು, ತೊಟ್ಟು ಬಿಡದೆ ಕುಡಿದಳು.

ಮರುದಿನ ಹಾಲು ಉಕ್ಕುವ ಹೊತ್ತಿಗೆ ದೊಡ್ಡವಳು ಬಾಗಿಲ ಬಳಿ ಬಂದು ನಿಂತಳು. ದನಿ ಬೆಣ್ಣೆಯಾಗಿತ್ತು.

"ಸ್ವಲ್ಪ ಹೊತ್ತು ಹಾಗೇ ಬಿಡೇ, ಕೆನೆ ಕಟ್ಟಲಿ. ನಿಮ್ಮಪ್ಪನ್ನ ಕರೆಸು, ಅವರಿಗೇ ಕೊಡೋಣ."

"ಆಗಲೇ ಕರೆದೆ ಅಕ್ಕ. ಬರೋದಿಲ್ಲವಂತೆ. ನಿಮ್ಮಕ್ಕ ಕೊಟ್ಟ ಹಾಲು ಇನ್ನೂ ಅರಗಿಲ್ಲ ಮಗಳೇ ಅಂದರು."

ಹೀಗೆಂದು ಚಿಕ್ಕವಳು ಒಲೆಯ ಕಡೆ ತಿರುಗಿ ಸೌಟು ಎತ್ತಿಕೊಂಡಳು.